ಬೀದರಿನ ಠಾಣೆ, ಉಡುಪಿಯ ಕಾಫಿ: ಚಾಕಣದಲ್ಲೊಂದು ಕಾಲ್ನಡಿಗೆ

ಪುಣೆ ನಗರವನ್ನು ನಡೆದು ನೋಡಬೇಕೆನ್ನುವವರಿಗೆ ಸಿದ್ಧವಾಗಿ ಸಿಗುವ ದಾರಿ ಹೆಚ್ಚುಕಡಿಮೆ ಒಂದೇ. ಅದು 1730ರಲ್ಲಿ ಒಂದನೆಯ ಬಾಜೀರಾಯನು ಅಡಿಪಾಯ ಹಾಕಿಸಿದ ಶನಿವಾರವಾಡೆಯ ದಿಲ್ಲಿ ದರವಾಜೆಯಲ್ಲಿ ಮೊದಲಾಗಿ, ಕಸಬಾ ಗಣಪತಿಯ ಗುಡಿ, ನಾನಾ ವಾಡೆ, ತುಳಶಿಬಾಗದ ರಾಮಮಂದಿರಗಳನ್ನು ಬಳಸಿಕೊಂಡು, 1886ರಲ್ಲಿ ಬ್ರಿಟಿಷರು ಕಟ್ಟಿಸಿದ ಎಂಟು ಮೂಲೆಯ ಮಂಡಯಿ ಮಾರುಕಟ್ಟೆಯನ್ನು ಹಾದು, ಎರಡನೆಯ ಬಾಜೀರಾಯನ ವಿಶ್ರಾಮಬಾಗ ವಾಡೆಯ ಕೆತ್ತನೆಯ ಮರಗೆಲಸದ ಮುಂದೆ ಮುಗಿಯುತ್ತದೆ. ದಾರಿ ಚೆನ್ನಾಗಿಯೇ ಇದೆ. ಆದರೆ ಅದನ್ನು ನಡೆದವರಿಗೆ ಈ ಸೀಮೆಯ ಚರಿತ್ರೆ ಪೇಶವೆಗಳೊಂದಿಗೆ ಹುಟ್ಟಿ ಬ್ರಿಟಿಷರೊಂದಿಗೆ ಮುಗಿಯಿತೆಂಬ ಭಾವನೆ ಬರುತ್ತದೆ. ಪೇಶವೆಗಳಿಗಿಂತ ಮುನ್ನೂರು ವರ್ಷ ಹಿಂದೆ ಇಲ್ಲಿಯ ಆಡಳಿತದ ಹಗ್ಗ ಯಾರ ಕೈಯಲ್ಲಿತ್ತು ಎಂಬುದನ್ನು ತಿಳಿಯಲು, ನಗರದಿಂದ ಸುಮಾರು 30 ಕಿಲೋಮೀಟರ್ ಉತ್ತರಕ್ಕೆ, ನಾಸಿಕದ ಹೆದ್ದಾರಿಯಲ್ಲಿರುವ ಚಾಕಣಕ್ಕೆ ಹೋಗಬೇಕಾಗುತ್ತದೆ. ಕನ್ನಡದ ಓದುಗರಿಗೆ ಅಲ್ಲಿ ಇನ್ನೊಂದು ಕುತೂಹಲವೂ ಕಾದಿದೆ: ಕೋಟೆಯಿಂದ ಕಾಫಿಯವರೆಗೆ ಆ ಊರಿನ ಹಲವು ಎಳೆಗಳು ಬೀದರ, ವಿಜಯಪುರ, ಬೆಂಗಳೂರು, ಉಡುಪಿಗಳ ಕಡೆಗೆ ಹೊರಳುತ್ತವೆ.

ಚಾಕಣವು ಪುಣೆ ಜಿಲ್ಲೆಯ ಖೇಡ ತಾಲೂಕಿನ ಪಟ್ಟಣ. 2011ರ ಜನಗಣತಿಯ ವೇಳೆಗೆ ಅಲ್ಲಿ ಸುಮಾರು 41 ಸಾವಿರ ಜನರಿದ್ದರು. ಸುತ್ತಲಿನ ಕಾರ್ಖಾನೆಗಳಿಗೆ ದಿನವೂ ಬಂದುಹೋಗುವವರನ್ನು ಸೇರಿಸಿದರೆ ಊರಿನ ನಿಜವಾದ ದಟ್ಟಣೆ ಬೇರೆಯೇ ಆಗುತ್ತದೆ. ಪುಣೆಯಿಂದ ಜುನ್ನರ ಮತ್ತು ನಾಸಿಕಕ್ಕೆ ಹೋಗುವ ದಾರಿಯನ್ನು, ಪಶ್ಚಿಮದಲ್ಲಿ ತಳೇಗಾವದ ಮೂಲಕ ಕೊಂಕಣದ ಘಟ್ಟಗಳಿಂದ ಬಂದು ಪೂರ್ವದಲ್ಲಿ ಶಿಕ್ರಾಪುರದ ಮೂಲಕ ಅಹಮದನಗರದತ್ತ ಸಾಗುವ ದಾರಿ ಅಡ್ಡಹಾಯುವ ಸ್ಥಳ ಇದು. ಇಂಥ ಕೂಡುದಾರಿಯನ್ನು ಹಿಡಿದವನ ಕೈಗೆ ಸುಂಕವೂ ಸಿಗುತ್ತದೆ, ಸೈನ್ಯದ ಕಾಳು-ಮೇವಿನ ದಾರಿಯೂ ಸಿಗುತ್ತದೆ. ಬೆಟ್ಟದ ಆಸರೆಯಿಲ್ಲದ ಬಯಲಿನಲ್ಲಿ ಕೋಟೆಯೊಂದು ಏಳಲು ಬೇರೆ ಕಾರಣ ಬೇಕಿರಲಿಲ್ಲ.

ಆ ಕೋಟೆಯ ಹೆಸರು ಸಂಗ್ರಾಮದುರ್ಗ. ಮರಾಠಿಯಲ್ಲಿ ಇದನ್ನು ಭುಯಿಕೋಟ ಎನ್ನುತ್ತಾರೆ. ಬೆಟ್ಟದ ಮೇಲಿನ ಗಿರಿದುರ್ಗಕ್ಕೂ ನೀರಿನ ನಡುವಿನ ಜಲದುರ್ಗಕ್ಕೂ ಪ್ರತಿಯಾಗಿ ಸಮನೆಲದ ಮೇಲೆ ಕಟ್ಟಿದ ಕೋಟೆಗೆ ಇರುವ ಹೆಸರು ಅದು, ನಮ್ಮ ಶಾಸ್ತ್ರಗ್ರಂಥಗಳ ಸ್ಥಲದುರ್ಗಕ್ಕೆ ಹತ್ತಿರದ್ದು. ಸ್ಥಲದುರ್ಗಕ್ಕೆ ಪ್ರಕೃತಿಯ ನೆರವು ಇಲ್ಲವಾದ್ದರಿಂದ ಎಲ್ಲವನ್ನೂ ಕೈಯಿಂದಲೇ ಮಾಡಬೇಕು: ಸುತ್ತ ಕಂದಕ ತೋಡಿ, ಅದೇ ಮಣ್ಣನ್ನು ಒಳಗೆ ತುಂಬಿ ಗೋಡೆಯನ್ನು ದಪ್ಪಗೊಳಿಸಿ, ಮೂಲೆಗಳಲ್ಲಿ ಗುಂಡನೆಯ ಬುರುಜು, ಅಂದರೆ ಕೊತ್ತಲಗಳನ್ನು ಮುಂಚಾಚಿಸಿ, ಬಾಗಿಲನ್ನು ನೇರವಾಗಿ ಇಡದೆ ಒಂದರ ಹಿಂದೊಂದು ಬಾಗಿಲುಗಳನ್ನು ಅಂಕುಡೊಂಕಾಗಿ ಇಟ್ಟು ಒಳನುಗ್ಗುವವನ ವೇಗವನ್ನು ಮುರಿಯಬೇಕು. ಇಂದು ಚಾಕಣದಲ್ಲಿ ಈ ವಿನ್ಯಾಸದ ತುಂಡುಗಳು ಮಾತ್ರ ಉಳಿದಿವೆ. ಮನೆಗಳು ಕೋಟೆಯ ಮೈಮೇಲೇ ಹತ್ತಿಕೊಂಡಿವೆ, ಕಂದಕದ ಬಹುಭಾಗ ತುಂಬಿಹೋಗಿದೆ, ಕೆಲವೆಡೆ ಇತ್ತೀಚಿನ ದುರಸ್ತಿಯ ಹೊಸ ಕಲ್ಲು ಹಳೆಯ ಕಲ್ಲಿನ ಪಕ್ಕದಲ್ಲಿ ಎದ್ದು ಕಾಣುತ್ತದೆ. ವಾಹನದಲ್ಲಿ ಹೋಗುವವರಿಗೆ ಇದು ಕೋಟೆಯೆಂದೇ ತೋರುವುದಿಲ್ಲ. ನಡೆದು ಬಂದವರಿಗೆ ನೆಲದ ಏರಿಳಿತವೇ ಸೂಚನೆ ಕೊಡುತ್ತದೆ. ಗಲ್ಲಿಯೊಂದು ಇದ್ದಕ್ಕಿದ್ದಂತೆ ತಗ್ಗಿದರೆ ಅಲ್ಲಿ ಕಂದಕವಿದ್ದಿರಬಹುದು, ಕಾರಣವಿಲ್ಲದೆ ಬಳಸಿ ಹೋದರೆ ಅಲ್ಲೊಂದು ಬುರುಜು ನಿಂತಿದ್ದಿರಬಹುದು.

ಈ ಗೋಡೆಗಳ ಅತ್ಯಂತ ಪ್ರಸಿದ್ಧ ಕಥೆ 1660ರದು. ಔರಂಗಜೇಬನ ಸೋದರಮಾವ ಶಾಯಿಸ್ತಾಖಾನನು ಪುಣೆಯನ್ನು ಹಿಡಿದು ಅಲ್ಲೇ ಮಳೆಗಾಲ ಕಳೆಯಲು ಹೊರಟಾಗ, ಅಹಮದನಗರದಿಂದ ಬರಬೇಕಾದ ಕಾಳುಕಡಿ ಹೊಳೆಗಳು ತುಂಬಿದ್ದರಿಂದ ತಲುಪದಾಯಿತು. ಚಾಕಣ ಕೈಗೆ ಬಂದರೆ ಆ ದಾರಿ ಸಲೀಸಾಗುತ್ತದೆಂದು ಅವನು ಜೂನ್ ತಿಂಗಳಲ್ಲಿ ಕೋಟೆಗೆ ಮುತ್ತಿಗೆ ಹಾಕಿದನು. ಒಳಗೆ ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳಾ ಕೆಲವೇ ನೂರು ಜನರೊಂದಿಗೆ ಇದ್ದನು. ಫಿರಂಗಿಗಳಿಂದ ಆಗದ ಕೆಲಸವನ್ನು ಮುಘಲರು ಕೊನೆಗೆ ಸುರಂಗದಿಂದ ಮಾಡಿದರು. ತಮ್ಮ ಪಾಳಯದಿಂದ ಈಶಾನ್ಯದ ಬುರುಜಿನ ಅಡಿಯವರೆಗೆ ನೆಲದೊಳಗೆ ಕೊರೆದು ಮದ್ದು ತುಂಬಿ, ಆಗಸ್ಟ್ 14ರಂದು ಸಿಡಿಸಿದಾಗ ಬುರುಜು ಕಾವಲಿನವರ ಸಮೇತ ಹಾರಿಹೋಯಿತು. ಆದರೂ ಆ ದಿನ ಕೋಟೆ ಬೀಳಲಿಲ್ಲ. ಬಿರುಕಿನ ಹಿಂದೆ ಒಳಗಿನವರು ಮೊದಲೇ ಎಬ್ಬಿಸಿದ್ದ ಮಣ್ಣಿನ ದಿಬ್ಬ ರಾತ್ರಿಯವರೆಗೂ ಶತ್ರುಗಳನ್ನು ತಡೆಯಿತು, ಮರುದಿನವಷ್ಟೇ ಕೋಟೆ ಮುಘಲರ ವಶವಾಯಿತು. ಇತಿಹಾಸಕಾರ ಯದುನಾಥ ಸರ್ಕಾರರು ಮುಘಲರ ಕಡೆಯಲ್ಲಿ 268 ಜನ ಸತ್ತು 600 ಜನ ಗಾಯಗೊಂಡರೆಂದು ಬರೆಯುತ್ತಾರೆ. ಇಷ್ಟು ಚಿಕ್ಕ ಠಾಣೆಗೆ ಇಷ್ಟು ಬೆಲೆ ತೆತ್ತ ಮೇಲೆ ಶಾಯಿಸ್ತಾಖಾನನು ಶಿವಾಜಿಯ ಬೇರೆ ಕೋಟೆಗಳಿಗೆ ಮುತ್ತಿಗೆ ಹಾಕಲು ಮನಸ್ಸು ಮಾಡಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಮುಘಲರು ಊರಿಗೆ ಇಸ್ಲಾಮಾಬಾದ್ ಎಂದು ಹೊಸ ಹೆಸರಿಟ್ಟರು, ಹೆಸರು ನಿಲ್ಲಲಿಲ್ಲ. 1818ರಲ್ಲಿ ಮರಾಠರೊಂದಿಗಿನ ಕೊನೆಯ ಯುದ್ಧದಲ್ಲಿ ಬ್ರಿಟಿಷರು ಕೋಟೆಯನ್ನು ವಶಪಡಿಸಿಕೊಂಡರು.

ಮರಾಠಿ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರುವ ಫಿರಂಗೋಜಿಯ ಕಥೆಯ ಮುಂದೆ ಅದಕ್ಕಿಂತ ಇನ್ನೂರು ವರ್ಷ ಹಿಂದಿನ ಕಥೆಯೊಂದು ಮರೆಯಾಗಿದೆ, ಮತ್ತು ಕನ್ನಡನಾಡಿಗೆ ನೇರ ಸಂಬಂಧವಿರುವುದು ಅದಕ್ಕೇ. 15ನೆಯ ಶತಮಾನದ ಮಧ್ಯದಲ್ಲಿ ಬಹಮನಿ ಸುಲ್ತಾನರ ರಾಜಧಾನಿ ಕಲಬುರಗಿಯಿಂದ ಬೀದರಕ್ಕೆ ಬಂದು ಬಹಳ ಕಾಲವಾಗಿರಲಿಲ್ಲ. ಕೊಂಕಣದ ಪಾಳೆಯಗಾರರನ್ನು ಅಡಗಿಸಲು ಎರಡನೆಯ ಅಲಾವುದ್ದೀನ್ ಅಹಮದ್ ಶಾಹನು ಮಲಿಕ್-ಉತ್-ತುಜ್ಜಾರ್ ಎಂಬ ಬಿರುದಿನ ಸೇನಾಪತಿಯನ್ನು ಕಳಿಸಿದನು. ವರ್ತಕರ ಒಡೆಯ ಎಂಬ ಅರ್ಥದ ಈ ಬಿರುದನ್ನು ಮುಂದೆ ಮಹಮೂದ್ ಗಾವಾನನೂ ಹೊತ್ತನು. ಸೇನಾಪತಿ ಚಾಕಣವನ್ನು ತನ್ನ ನೆಲೆಯಾಗಿ ಮಾಡಿಕೊಂಡು ಘಟ್ಟ ಇಳಿದನು. ಶಿರ್ಕೆ ಎಂಬ ನಾಯಕನು ದಾರಿ ತೋರಿಸುವ ನೆಪದಲ್ಲಿ ಅವನನ್ನು ಖೇಳಣಾ, ಅಂದರೆ ಇಂದಿನ ವಿಶಾಳಗಡದ ಕಾಡಿನೊಳಗೆ ಕರೆದೊಯ್ದು, ರಾತ್ರಿ ಮುತ್ತಿಕೊಂಡು ಸೈನ್ಯವನ್ನು ಕತ್ತರಿಸಿಹಾಕಿದನು. ತಪ್ಪಿಸಿಕೊಂಡು ಚಾಕಣಕ್ಕೆ ಮರಳಿದವರಲ್ಲಿ ಹೆಚ್ಚಿನವರು ಆಫಾಕಿಗಳು. ಇರಾನ್, ಅರಬ್ ದೇಶ, ಮಧ್ಯ ಏಷ್ಯಾಗಳಿಂದ ಹೊಸದಾಗಿ ಬಂದು ಆಸ್ಥಾನದಲ್ಲಿ ಮೇಲೇರಿದವರನ್ನು ಆಫಾಕಿಗಳೆಂದೂ, ತಲೆಮಾರುಗಳಿಂದ ಇಲ್ಲೇ ನೆಲೆಸಿದ ಮುಸ್ಲಿಂ ಸರದಾರರನ್ನು ದಖನಿಗಳೆಂದೂ ಕರೆಯುತ್ತಿದ್ದರು. ಬಹಮನಿ ರಾಜಕಾರಣವೆಂದರೆ ಬಹುಪಾಲು ಈ ಎರಡು ಪಂಗಡಗಳ ಜಗಳ. ದಖನಿಗಳು ಬೀದರಕ್ಕೆ ದೂರು ಬರೆದರು, ಚಾಕಣದಲ್ಲಿ ಕೂತವರು ಬಂಡಾಯಕ್ಕೆ ಸಜ್ಜಾಗುತ್ತಿದ್ದಾರೆ ಎಂದು. ಅಪ್ಪಣೆ ಬಂತು, ಕೋಟೆಯನ್ನು ಮುತ್ತಿದರು, ಕೊನೆಗೆ ಅಭಯ ಕೊಟ್ಟು ಔತಣಕ್ಕೆ ಕರೆದು ಕೊಂದರು. ಕೆಲವರು ಪಾರಾಗಿ ಬೀದರ ತಲುಪಿ ನಡೆದದ್ದನ್ನು ಹೇಳಿದ ಮೇಲೆ ಸುಲ್ತಾನನು ದಖನಿ ಸರದಾರರನ್ನು ಶಿಕ್ಷಿಸಿದನು. ಇದನ್ನೆಲ್ಲ ದಾಖಲಿಸಿದ ಫೆರಿಶ್ತಾ ತನ್ನ ಗ್ರಂಥವನ್ನು ಬರೆದದ್ದು ವಿಜಯಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ. ಅವನು ಪರ್ಶಿಯನ್ ಮೂಲದವನು, ಆಫಾಕಿಗಳ ಪರ ಒಲವಿದ್ದವನು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಅವನ ಮಾತನ್ನು ಓದಬೇಕು. ಬೀದರ ಕೋಟೆಯ ಬಂಡೆ ಕಡಿದು ಮಾಡಿದ ಕಂದಕಗಳನ್ನೂ, ಗಾವಾನನ ಮದರಸಾದ ಬಣ್ಣದ ಹೆಂಚುಗಳನ್ನೂ ನೋಡಲು ಹೋಗುವವರು ಅಲ್ಲಿಂದ ಹೊರಟ ಅಪ್ಪಣೆಗಳು ಎಂಥ ದೂರದ ಬಯಲಿನಲ್ಲಿ ಹೇಗೆ ಜಾರಿಯಾಗುತ್ತಿದ್ದವು ಎಂದು ತಿಳಿಯಬಯಸಿದರೆ ಚಾಕಣದ ಅರೆಬಿದ್ದ ಗೋಡೆಯೇ ಸರಿಯಾದ ಜಾಗ.

ಬಹಮನಿ ರಾಜ್ಯ ಒಡೆದ ಮೇಲೆ ಚಾಕಣ ಅಹಮದನಗರದ ನಿಜಾಮಶಾಹಿಗೆ ಸೇರಿತು. ಶಿವಾಜಿಯ ಅಜ್ಜ ಮಾಲೋಜಿ ಭೋಸಲೆಗೆ ಪುಣೆ, ಸುಪೆಗಳ ಜಹಗೀರಿಯೊಂದಿಗೆ ಶಿವನೇರಿ ಮತ್ತು ಚಾಕಣದ ಕೋಟೆಗಳ ಉಸ್ತುವಾರಿಯೂ ದೊರೆತದ್ದು ಆ ಕಾಲದಲ್ಲಿ. 1636ರಲ್ಲಿ ನಿಜಾಮಶಾಹಿ ಅಳಿದ ಬಳಿಕ ಮಾಲೋಜಿಯ ಮಗ ಶಹಾಜಿಯು ವಿಜಯಪುರದ ಸೇವೆಗೆ ಸೇರಿ, ರಣದುಲ್ಲಾಖಾನನ ದಂಡಯಾತ್ರೆಯೊಂದಿಗೆ ಕರ್ನಾಟಕಕ್ಕೆ ಬಂದು, ಬೆಂಗಳೂರನ್ನು ಜಹಗೀರಿಯಾಗಿ ಪಡೆದು, 1664ರಲ್ಲಿ ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ತೀರಿಕೊಂಡನು. ಒಂದೇ ಮನೆತನ ಒಂದೇ ಕಾಲದಲ್ಲಿ ಬೆಂಗಳೂರಿನಲ್ಲೂ ಪುಣೆಯಲ್ಲೂ ಕಂದಾಯ ಎತ್ತುತ್ತಿದ್ದ ಈ ವ್ಯವಸ್ಥೆಯನ್ನು ಇಂದಿನ ರಾಜ್ಯಗಳ ಗಡಿರೇಖೆಗಳನ್ನು ಹಿಂದಕ್ಕೆಳೆದು ಅಳೆಯಹೊರಟರೆ ಏನೂ ಅರ್ಥವಾಗುವುದಿಲ್ಲ.

ಊರಿನ ಶಿವಾಲಯ ಚಕ್ರೇಶ್ವರ. ದಶರಥನ ರಥದ ಚಕ್ರ ಇಲ್ಲಿ ಕಳಚಿಬಿತ್ತೆಂಬ ಸ್ಥಳಪುರಾಣ ಅದಕ್ಕಿದೆ. ಆವರಣದಲ್ಲಿ ಅಲ್ಲಲ್ಲಿ ಇಟ್ಟಿರುವ ಸವೆದ ಶಿಲ್ಪಗಳು ಈಗಿನ ಕಟ್ಟಡಕ್ಕಿಂತ ಹಳೆಯವು, ಮತ್ತು ಮರಾಠಿ ಸೀಮೆಯ ಅನೇಕ ಗುಡಿಗಳಲ್ಲಿ ನಡೆದಿರುವುದೇ ಇಲ್ಲಿಯೂ ನಡೆದಿದೆ: ಹಳೆಯ ಗುಡಿ ಬಿದ್ದು, ಅದರ ಬಿಡಿಗಲ್ಲುಗಳು ಹೊಸ ಗುಡಿಯ ಸುತ್ತ ಕುಂಕುಮ ಹಚ್ಚಿಸಿಕೊಂಡು ಪೂಜೆ ಪಡೆಯುತ್ತಿವೆ. ಯಾವ ಕಲ್ಲು ಎಲ್ಲಿಂದ ಬಂತೆಂದು ತಿಳಿಸುವ ಹಲಗೆಗಳು ಇದ್ದಿದ್ದರೆ ಒಳ್ಳೆಯದಿತ್ತು.

ಪೇಟೆಯ ಒಳಗಲ್ಲಿಗಳಲ್ಲಿ ನಡೆಯುವಾಗ ನೋಡಬೇಕಾದದ್ದು ವಾಡೆಯ ಮಾದರಿ. ಬೆಳಗಾವಿ-ಧಾರವಾಡ ಕಡೆಯ ದೇಸಗತಿ ವಾಡೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ನಡುವೆ ಆಕಾಶಕ್ಕೆ ತೆರೆದ ಚೌಕ, ಸುತ್ತ ಸಾಗವಾನಿ ಕಂಬಗಳ ಪಡಸಾಲೆ, ಕೆಳಗೆ ಕಲ್ಲು ಮೇಲೆ ಇಟ್ಟಿಗೆಯ ಗೋಡೆ, ಬೀದಿಗೆ ಮುಖಮಾಡಿದ ದೊಡ್ಡ ಬಾಗಿಲು, ಅದರ ಒಂದು ಹಲಗೆಯಲ್ಲಿ ಒಬ್ಬರು ಬಗ್ಗಿ ಹೋಗುವಷ್ಟು ಚಿಕ್ಕ ಕಿರುಬಾಗಿಲು. ಮರಾಠಿಯಲ್ಲಿ ಇದಕ್ಕೆ ದಿಂಡಿ ಎನ್ನುತ್ತಾರೆ. ಶ್ರೀಮಂತರ ವಾಡೆಗಳಲ್ಲಿ ಕಂಬಗಳನ್ನು ಸುರು ಮರದ ಆಕಾರದಲ್ಲಿ ಬುಡದಲ್ಲಿ ಉಬ್ಬಿಸಿ ಮೇಲಕ್ಕೆ ಸಪುರವಾಗಿಸಿ, ತಲೆಯಲ್ಲಿ ಬಾಳೆಹೂವನ್ನು ಇಳಿಬಿಡುತ್ತಿದ್ದರು; ಇದರ ಅತ್ಯುತ್ತಮ ಉದಾಹರಣೆ ಪುಣೆಯ ವಿಶ್ರಾಮಬಾಗ ವಾಡೆ. ಚಾಕಣದಂಥ ಊರುಗಳಲ್ಲಿ ಇಂಥ ಮನೆಗಳು ಪಾಲಾಗಿ, ಅರ್ಧ ಹಳೆಯ ಮರದಲ್ಲೂ ಅರ್ಧ ಕಾಂಕ್ರೀಟಿನಲ್ಲೂ ನಿಲ್ಲುತ್ತವೆ. ಸಂರಕ್ಷಣೆಯವರು ಇದನ್ನು ಹಾಳೆನ್ನುತ್ತಾರೆ, ಆದರೆ ಅಣ್ಣತಮ್ಮಂದಿರ ಪಾಲುಪಟ್ಟಿಯನ್ನು ಗೋಡೆಯ ಮೇಲೆಯೇ ಓದಬಹುದಾದ ಇಂಥ ಮನೆ, ಬಣ್ಣ ಬಳಿದು ಬೀಗ ಹಾಕಿಟ್ಟ ವಾಡೆಗಿಂತ ಹೆಚ್ಚಿನದನ್ನು ತಿಳಿಸುತ್ತದೆ.

ಊರಿನ ಇನ್ನೊಂದು ಮುಖ ಈರುಳ್ಳಿ ಮಾರುಕಟ್ಟೆ. ಸುಗ್ಗಿಯಲ್ಲಿ ಚೀಲಗಳನ್ನು ಸುರಿದು ಗಾತ್ರದ ಮೇಲೆ ವಿಂಗಡಿಸಿ, ಸಣ್ಣದನ್ನು ಗೋಲ್ಟಿ ಎಂದು ಬೇರೆ ಮಾಡಿ, ಅಡತ್ ಅಂಗಡಿಯವರು ರಾಶಿಯ ಮುಂದೆ ನಿಂತು ಸವಾಲು ಕೂಗುತ್ತಾರೆ. ಹುಬ್ಬಳ್ಳಿಯ ಎಪಿಎಂಸಿ ಕಂಡವರಿಗೆ ಭಾಷೆ ಬೇರೆಯಾದರೂ ವಹಿವಾಟು ಪರಿಚಿತ. ಈ ಮಾರುಕಟ್ಟೆಯಿಂದ ಸ್ವಲ್ಪ ದೂರದಲ್ಲೇ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತು. 1999ರಲ್ಲಿ ಬಜಾಜ್ ಆಟೋ ಇಲ್ಲಿ ಕಾರ್ಖಾನೆ ತೆರೆಯಿತು, 2009ರಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಮರ್ಸಿಡಿಸ್-ಬೆಂಜ್ ಬಂದವು, ಮಹೀಂದ್ರಾ ಕೂಡ ಇದೆ. ಕೂಡುದಾರಿಯ ತರ್ಕ ಬದಲಾಗಿಲ್ಲ. ಕಾಳು-ಮೇವಿನ ಜಾಗದಲ್ಲಿ ಬಿಡಿಭಾಗಗಳ ಲಾರಿಗಳು ಬಂದಿವೆ, ಮತ್ತು ಸಂಜೆಯ ಹೊತ್ತಿಗೆ ಆ ಹೆದ್ದಾರಿಯನ್ನು ಕಾಲ್ನಡಿಗೆಯಲ್ಲಿ ದಾಟುವುದು ಸಂಗ್ರಾಮದುರ್ಗದ ಕಂದಕ ದಾಟಿದಷ್ಟೇ ಸಾಹಸ.

ಇನ್ನು ಪಾನೀಯದ ಮಾತು. ಚಾಕಣ ಮೂಲತಃ ಚಹದ ಊರು. 1920ರ ದಶಕದಿಂದ ಪುಣೆಯಲ್ಲಿ ರಾಜಸ್ಥಾನ ಮೂಲದ ಕುಟುಂಬಗಳು ಹರಡಿದ ಅಮೃತತುಲ್ಯ ಎಂಬ ಚಹದಂಗಡಿಗಳ ಪದ್ಧತಿ ಈ ಇಡೀ ಸೀಮೆಯ ರುಚಿಯನ್ನು ನಿರ್ಧರಿಸಿದೆ: ಹಿತ್ತಾಳೆ ಪಾತ್ರೆಯಲ್ಲಿ ಹಾಲು, ಸಕ್ಕರೆ, ಪುಡಿ ಎಲ್ಲವನ್ನೂ ಒಟ್ಟಿಗೆ ಕುದಿಸಿ, ಶುಂಠಿ-ಏಲಕ್ಕಿ ಜಜ್ಜಿ ಹಾಕಿ, ಬಟ್ಟೆಯಲ್ಲಿ ಸೋಸಿ ಚಿಕ್ಕ ಗ್ಲಾಸಿಗೆ ಎತ್ತಿ ಸುರಿಯುವುದು. ನಗರದ ದಂಡುಪ್ರದೇಶ ಮತ್ತು ಡೆಕ್ಕನ್ ಭಾಗದಲ್ಲಿ ಇರಾನಿ ಕೆಫೆಗಳ ಬನ್‌ಮಸ್ಕಾ-ಚಹದ ಪದ್ಧತಿ ಬೇರೆ. 1935ರಲ್ಲಿ ಆರಂಭವಾದ ಕೆಫೆ ಗುಡ್‌ಲಕ್ ಅದರ ಹೆಸರಾಂತ ಉದಾಹರಣೆ. ಈ ಎರಡರ ನಡುವೆ ಕಾಫಿ ಬಂದದ್ದು ಮೂರನೆಯದಾಗಿ, ಮತ್ತು ಅದನ್ನು ತಂದವರು ದಕ್ಷಿಣ ಕನ್ನಡದವರು.

ಕಾಫಿ ಬೆಳೆ ಬಾಬಾಬುಡನ್‌ಗಿರಿಯಲ್ಲಿ 17ನೆಯ ಶತಮಾನದಲ್ಲಿ ಬೇರೂರಿತೆಂಬ ಪ್ರತೀತಿಯಿದ್ದರೂ, ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟನ್ನು ಇಂದಿಗೂ ಕರ್ನಾಟಕವೇ ಬೆಳೆಯುತ್ತಿದ್ದರೂ, ಅದನ್ನು ಘಟ್ಟದ ಉತ್ತರಕ್ಕೆ ಒಯ್ದ ಕೀರ್ತಿ ತೋಟದ ಮಾಲೀಕರಿಗಿಂತ ಹೆಚ್ಚಾಗಿ ಹೋಟೆಲಿನ ಮಾಣಿಗಳದು. ಕರಾವಳಿಯ ಹಳ್ಳಿಗಳಿಂದ ಹದಿಹರೆಯದಲ್ಲೇ ಮುಂಬಯಿಗೆ ಹೋಗಿ, ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಗಲ್ಲೆಗೆ ಏರಿ, ಕೊನೆಗೆ ಸ್ವಂತ ಹೋಟೆಲು ತೆರೆದವರ ಸಾಲು ದೊಡ್ಡದು. ಮಾಟುಂಗದಲ್ಲಿ 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅದರಲ್ಲಿ ಒಂದು ಮೈಲಿಗಲ್ಲು. ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಜಗನ್ನಾಥ ಶೆಟ್ಟರು 1951ರಲ್ಲಿ ತೆರೆದ ಹೋಟೆಲು ಮೊದಲಿಗೆ ಮದ್ರಾಸ್ ಹೆಲ್ತ್ ಹೋಮ್ ಎಂಬ ಹೆಸರಿನದು. ಮುಂದೆ ಅದೇ ವೈಶಾಲಿಯಾಯಿತು. ಕರಾವಳಿಯ ಹೋಟೆಲುಗಳಿಗೆ ಮದ್ರಾಸಿನ ಹೆಸರು ಏಕೆಂದು ಇಂದಿನವರು ಕೇಳಿದರೆ ಅಚ್ಚರಿಯಿಲ್ಲ, ಆದರೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿಯೇ ಇತ್ತು. 2023ರಲ್ಲಿ ತೀರಿಕೊಂಡ ಶೆಟ್ಟರ ಈ ಹೋಟೆಲಿನಲ್ಲಿ ತಲೆಮಾರುಗಟ್ಟಲೆ ವಿದ್ಯಾರ್ಥಿಗಳು, ಪ್ರಾಧ್ಯಾಪಕರು, ನಾಟಕದವರು ಇಡ್ಲಿ-ದೋಸೆಯ ಮುಂದೆ ಕೂತೆದ್ದಿದ್ದಾರೆ.

ಫಿಲ್ಟರ್ ಕಾಫಿಯ ಕೆಲಸ ಅಮೃತತುಲ್ಯದ ಕೆಲಸಕ್ಕೆ ತೀರ ವಿರುದ್ಧವಾದದ್ದು. ಮೇಲಿನ ಪಾತ್ರೆಯ ತಳದಲ್ಲಿ ತೂತುಗಳು. ಅದರಲ್ಲಿ ಪುಡಿ ಹಾಕಿ, ಒತ್ತುಬಿಲ್ಲೆಯಿಂದ ಮೆಲ್ಲಗೆ ಅದುಮಿ, ಕುದಿನೀರು ಹೊಯ್ದು ಮುಚ್ಚಿದರೆ, ಕೆಳಗಿನ ಪಾತ್ರೆಗೆ ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯುತ್ತದೆ. ಬಿಗಿಯಾಗಿ ಅದುಮಿದರೆ ಇಳಿಯುವುದೇ ಇಲ್ಲ, ಸಡಿಲ ಬಿಟ್ಟರೆ ನೀರಾಗುತ್ತದೆ. ಒಮ್ಮೆ ಇಳಿದ ಡಿಕಾಕ್ಷನ್ನನ್ನು ಮತ್ತೆ ಕುದಿಸಿದರೆ ಪರಿಮಳ ಹೋಗಿ ಕಹಿ ಉಳಿಯುತ್ತದೆ. ಆದ್ದರಿಂದ ಕುದಿಯಬೇಕಾದದ್ದು ಹಾಲು ಮಾತ್ರ. ಚಹವನ್ನು ಗಂಟೆಗಟ್ಟಲೆ ಒಲೆಯ ಮೇಲಿಟ್ಟು ಅಭ್ಯಾಸವಾದ ಅಡುಗೆಮನೆಗೆ ಈ ಶಿಸ್ತನ್ನು ಕಲಿಸುವುದೇ ಕಷ್ಟ, ಮತ್ತು ಹೆದ್ದಾರಿಯ ಹೋಟೆಲುಗಳ ಕಾಫಿ ಬಹುತೇಕ ಕೆಡುವುದು ಇಲ್ಲಿಯೇ. ಬೆರೆಸುವ ಚಿಕೋರಿ ಒಂದು ಗಿಡದ ಹುರಿದ ಬೇರು. ಅದು ಬಣ್ಣ ಮತ್ತು ಗಟ್ಟಿತನ ಕೊಡುತ್ತದೆ, ಹೆಚ್ಚಾದರೆ ಕಾಫಿಯನ್ನು ನುಂಗುತ್ತದೆ. ಚಾಕಣದ ಕಾರ್ಖಾನೆಗಳಿಗೆ ದಕ್ಷಿಣದಿಂದ ಬಂದ ಕೆಲಸಗಾರರೂ ಎಂಜಿನಿಯರರೂ ಇದ್ದಾರೆ. ಅವರಿಗಾಗಿ ಹೆದ್ದಾರಿಯ ಹೋಟೆಲುಗಳು ತಿಂಡಿಯ ಪಟ್ಟಿಯಲ್ಲಿ ಇಡ್ಲಿ-ವಡೆಯ ಜೊತೆ ಫಿಲ್ಟರ್ ಕಾಫಿಯನ್ನೂ ಬರೆದಿವೆ. ಬರೆದಷ್ಟು ಸುಲಭವಾಗಿ ಇಳಿಸುವುದು ಎಲ್ಲರಿಗೂ ಸಾಧ್ಯವಾಗಿಲ್ಲ. ಒಳ್ಳೆಯ ಕಾಫಿಗೆ ಇನ್ನೂ ಪುಣೆಗೇ ಹೋಗಬೇಕು.

ಹಾಗೆ ಹೋದವರು ಫರ್ಗ್ಯುಸನ್ ರಸ್ತೆಗೆ ಸಮಾನಾಂತರವಾದ ಜಂಗಲಿ ಮಹಾರಾಜ ರಸ್ತೆಯಲ್ಲಿ ಮೊದಲು ಇಳಿಯುವುದು ಒಳ್ಳೆಯದು, ಏಕೆಂದರೆ ಅಲ್ಲಿರುವ ಪಾತಾಳೇಶ್ವರ ಈ ಭಾಗದ ಅತಿ ಹಳೆಯ ಕಲಾಕೃತಿಗಳಲ್ಲಿ ಒಂದು, ಮತ್ತು ಅದು ಮಳಖೇಡದ ರಾಷ್ಟ್ರಕೂಟರ ಕಾಲದ್ದು. 8ನೆಯ ಶತಮಾನದ ರಾಷ್ಟ್ರಕೂಟ ತಾಮ್ರಪಟಗಳಲ್ಲಿ ಈ ಸೀಮೆ ಪುಣ್ಯವಿಷಯ, ಪೂನಕವಿಷಯ ಎಂದು ಉಲ್ಲೇಖಗೊಂಡಿದೆ. ವಿಷಯ ಎಂದರೆ ಆಗಿನ ಆಡಳಿತದಲ್ಲಿ ಇಂದಿನ ಜಿಲ್ಲೆಯಂಥ ಒಂದು ವಿಭಾಗ. 768ರ ತಾಮ್ರಪಟವನ್ನು ಕೊಟ್ಟ ಒಂದನೆಯ ಕೃಷ್ಣನೇ ಎಲ್ಲೋರದ ಕೈಲಾಸ ದೇವಾಲಯವನ್ನು ಕಡಿಸಿದವನು. ಪಾತಾಳೇಶ್ವರವನ್ನೂ ಅದೇ ಕ್ರಮದಲ್ಲಿ, ಕಟ್ಟದೆ, ಕಪ್ಪು ಬಸಾಲ್ಟ್ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಬಿಡಿಸಿದ್ದಾರೆ. ನೆಲಮಟ್ಟಕ್ಕಿಂತ ಕೆಳಗಿರುವ ಅಂಗಳದ ನಡುವೆ ನಂದಿಗೆ ವೃತ್ತಾಕಾರದ ಮಂಟಪ, ಅದರ ಮೇಲೆ ಕೊಡೆಯಂತೆ ಹರಡಿದ ಒಂದೇ ಕಲ್ಲಿನ ಚಾವಣಿ, ಎದುರಿಗೆ ದಪ್ಪ ಚೌಕ ಕಂಬಗಳ ಸಾಲು ಮತ್ತು ಗರ್ಭಗುಡಿ. ಕೈಲಾಸದಲ್ಲಿ ಮುಗಿದು ಮರೆಯಾದ ಉಳಿಯ ಕೆಲಸ ಇಲ್ಲಿ ಅರ್ಧಕ್ಕೇ ನಿಂತಿರುವುದರಿಂದ, ಬಂಡೆಯನ್ನು ಯಾವ ಹಂತದಲ್ಲಿ ಎಷ್ಟು ತೆಗೆಯುತ್ತಿದ್ದರು ಎಂಬುದು ಗೋಡೆಗಳ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಗುಹಾಲಯದ ತಂತ್ರವನ್ನು ತಿಳಿಯಬಯಸುವ ವಿದ್ಯಾರ್ಥಿಗೆ ಈ ಅಪೂರ್ಣತೆಯೇ ಅನುಕೂಲ. ಅಲ್ಲಿಂದ ವೈಶಾಲಿಗೆ ಅರ್ಧ ಗಂಟೆಯೊಳಗೆ ನಡೆದು ತಲುಪಬಹುದು. ರವಿವಾರ ಬೆಳಿಗ್ಗೆ ಮಾತ್ರ ಬಾಗಿಲಲ್ಲಿ ಹೆಸರು ಬರೆಸಿ ಕಾಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು, ಆದ್ದರಿಂದ ಚಾಕಣದ ಕೋಟೆಯನ್ನು ಬಿಸಿಲೇರುವ ಮೊದಲು ಮುಗಿಸಿ, ವಾರದ ನಡುವಿನ ದಿನವೊಂದರಲ್ಲಿ ಮಧ್ಯಾಹ್ನ ಮೂರರ ಸುಮಾರಿಗೆ ಇಲ್ಲಿಗೆ ಬರುವಂತೆ ನಡಿಗೆಯನ್ನು ಹೊಂದಿಸಿಕೊಳ್ಳುವುದು ಲೇಸು.